ಕಸದ ರಾಕ್ಷಸ ಎಲ್ಲಿ ಹೋದ?

ನಾಟಕ ಮುಗಿದ ಮೇಲೆ ಮಕ್ಕಳಿಗೆ ಬಿಸ್ಕೆಟ್ ಕೊಟ್ಟಿದ್ದು ನಮ್ಮ ತಪ್ಪು. ಅದು ಚಿಕ್ಕ ತಪ್ಪು. ದೊಡ್ಡದು ಆಮೇಲೆ ಬರುತ್ತೆ.

ಬೆಂಗಳೂರಿನ ಅಂಚಿನಲ್ಲಿರುವ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಶನಿವಾರದ ಬೆಳಗಿನ ಶಾಲೆ. ಒಂದರಿಂದ ಐದನೇ ಕ್ಲಾಸಿನವರೆಗಿನ 80 ಮಕ್ಕಳು ಹೊಂಗೆ ಮರದ ಕೆಳಗೆ ಸಾಲಾಗಿ ಕೂತಿದ್ದರು. ನಾವು ಐದು ಜನ. ನಾಲ್ವರು ಐಟಿ, ಒಬ್ಬಳು ಬ್ಯಾಂಕಿನವಳು. ಸೋಮವಾರದಿಂದ ಶುಕ್ರವಾರ ಲ್ಯಾಪ್‌ಟಾಪ್, ಶನಿವಾರ ಮುಖಕ್ಕೆ ಬಣ್ಣ. ನಾನು ಆಫೀಸಿನಲ್ಲಿ ಟೆಸ್ಟರ್, ಅಂದರೆ ಬೇರೆಯವರು ಮಾಡಿದ ತಪ್ಪು ಹುಡುಕಿ ಸಂಬಳ ತಗೊಳ್ಳುವವಳು. ಇದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತೆ.

ನಮ್ಮ ನಾಟಕದ ಕಥೆ ಸರಳವಾಗಿತ್ತು. ಊರಿನ ಜನ ಕಸ ಬೇರ್ಪಡಿಸಲ್ಲ. ಆ ಕಸ ತಿಂದು ತಿಂದು ಒಬ್ಬ ಕಸದ ರಾಕ್ಷಸ ಬೆಳೀತಾನೆ. ಕೊನೆಗೆ ಮಕ್ಕಳೆಲ್ಲ ಸೇರಿ ಹಸಿ ಕಸ, ಒಣ ಕಸ ಅಂತ ಬೇರೆ ಬೇರೆ ಮಾಡ್ತಾರೆ, ರಾಕ್ಷಸ ಸಣ್ಣಗಾಗಿ ಸಾಯ್ತಾನೆ. ತಮಟೆ ಇತ್ತು, ಹಾಡಿತ್ತು, ರಾಕ್ಷಸನ ಭರ್ಜರಿ ಕುಣಿತ ಇತ್ತು. ನಡುನಡುವೆ ನಾನು ಸೂತ್ರಧಾರಿಯಾಗಿ ಬಂದು ಕೇಳ್ತಿದ್ದೆ: "ಬಾಳೆಹಣ್ಣಿನ ಸಿಪ್ಪೆ ಎಲ್ಲಿಗೆ?" 80 ಗಂಟಲು ಒಟ್ಟಿಗೆ: "ಹಸಿ ಕಸ!" "ಹಾಲಿನ ಕವರ್ ಎಲ್ಲಿಗೆ?" "ಒಣ ಕಸ!" ಒಂದೂ ತಪ್ಪಿಲ್ಲ. ಹೆಡ್‌ಮಾಸ್ಟರ್ ಖುಷಿ, ನಾವೂ ಖುಷಿ. ವಿಡಿಯೋ ಮಾಡಿ ಸ್ಟೇಟಸ್‌ಗೂ ಹಾಕಿದ್ದಾಯ್ತು.

ಆಮೇಲೆ ಬಿಸ್ಕೆಟ್ ಹಂಚಿದೆವು. ಹತ್ತು ನಿಮಿಷದಲ್ಲಿ ಹೊಂಗೆ ಮರದ ಸುತ್ತ ನೆಲ ಕಾಣದಷ್ಟು ಬಿಸ್ಕೆಟ್ ಕವರ್. ನಾವೇ ಐದು ಜನ ಬಗ್ಗಿ ಬಗ್ಗಿ ಆರಿಸಿದ್ವಿ. ತಮಟೆ ಬಾರಿಸುವ ಹುಡುಗ ಕವರ್ ಒಂದನ್ನು ಎತ್ತಿ ಹಿಡಿದು, "ಅಕ್ಕ, ಇದು ಎಲ್ಲಿಗೆ?" ಅಂದ. ನಕ್ಕೆವು. ನಗುವ ವಿಷಯವೇನಾಗಿರಲಿಲ್ಲ. ಮಕ್ಕಳಿಗೆ ಉತ್ತರ ಗೊತ್ತಿತ್ತು, ನಾವು ಬರುವ ಮೊದಲೇ ಗೊತ್ತಿತ್ತು. ಪಠ್ಯಪುಸ್ತಕದಲ್ಲಿದೆ, ಗೋಡೆ ಮೇಲಿದೆ, ಬೆಳಿಗ್ಗೆ ಕಸದ ಗಾಡಿಯ ಹಾಡಿನಲ್ಲೂ ಇದೆ. ಗೊತ್ತಿರುವುದನ್ನೇ ಇನ್ನೊಂದು ಸಲ ಜೋರಾಗಿ ಕೂಗಿಸಿ, ಕಲಿಸಿದ್ವಿ ಅಂದುಕೊಂಡು ಮನೆಗೆ ಬಂದಿದ್ದೆವು.

ಮುಂದಿನ ಗುರುವಾರ ಆ ಶಾಲೆಯ ನಾಲ್ಕನೇ ಕ್ಲಾಸಿನ ಟೀಚರ್ ಫೋನ್ ಮಾಡಿದರು. "ಮೇಡಂ, ಒಂದು ವಿಷಯ ಹೇಳಬೇಕಿತ್ತು, ಬೇಜಾರು ಮಾಡ್ಕೋಬೇಡಿ..." ಅಂತಲೇ ಶುರು ಮಾಡಿದರು. ಅವರ ಕ್ಲಾಸಿನ ಒಬ್ಬ ಹುಡುಗಿ ಎರಡು ದಿನದಿಂದ ಶಾಲೆಗೆ ಬಂದಿಲ್ಲ. ಅವಳ ಅಮ್ಮ ಒಣ ಕಸ ವಿಂಗಡಿಸುವ ಕೆಲಸಕ್ಕೆ ಹೋಗ್ತಾರೆ, ಮೊದಲು ಬೀದಿಯಲ್ಲಿ ಆಯ್ತಿದ್ದರಂತೆ. ನಾಟಕ ನೋಡಿದ ಮೇಲೆ ಹುಡುಗರು ಅವಳನ್ನು "ರಾಕ್ಷಸಿ ಮಗಳು" ಅಂತ ಕರೆಯೋಕೆ ಶುರು ಮಾಡಿದ್ದರು.

ಮೊದಲು ನನಗೆ ಅರ್ಥ ಆಗಲಿಲ್ಲ. ನಮ್ಮ ರಾಕ್ಷಸನಿಗೂ ಅವಳ ಅಮ್ಮನಿಗೂ ಏನು ಸಂಬಂಧ? ಟೀಚರೇ ಹೇಳಿದರು, "ಆ ಹೆಗಲ ಮೇಲೆ ಗೋಣಿಚೀಲ ಇತ್ತಲ್ಲ ಮೇಡಂ..."

ಕಾಸ್ಟ್ಯೂಮ್ ನನ್ನದೇ ಜವಾಬ್ದಾರಿಯಾಗಿತ್ತು. ಕೆದರಿದ ಕೂದಲು, ಮಸಿ ಬಳಿದ ಮುಖ, ಹರಿದ ಅಂಗಿ, ಹೆಗಲ ಮೇಲೆ ಉಬ್ಬಿದ ಗೋಣಿಚೀಲ, ಕೈಯಲ್ಲಿ ಕೊಕ್ಕೆ ಕಟ್ಟಿದ ಕೋಲು. ಕಸದ ರಾಕ್ಷಸ ಅಂದ ತಕ್ಷಣ ನನ್ನ ತಲೆಗೆ ಬಂದ ಚಿತ್ರ ಅದು. ಎಲ್ಲಿಂದ ಬಂತು ಅಂತ ನಾನು ಕೇಳಿಕೊಂಡಿರಲಿಲ್ಲ. ಕಸ ಮಾಡುವವರು ನಾವು, ಆದರೆ ರಾಕ್ಷಸನಿಗೆ ತೊಡಿಸಿದ್ದು ಕಸ ಆಯುವವರ ಬಟ್ಟೆ. ರಿಹರ್ಸಲ್ ಹನ್ನೊಂದು ಸಲ ಆಗಿತ್ತು, ಐದೂ ಜನರಲ್ಲಿ ಒಬ್ಬರಿಗೂ ಕಾಣಲಿಲ್ಲ. ನಾನು ಟೆಸ್ಟರ್ ಬೇರೆ!

ಕ್ಷಮೆ ಕೇಳೋಕೆ ಮನೆಗೇ ಹೋಗೋಣ ಅಂದೆ. ಟೀಚರ್ ಬೇಡ ಅಂದರು. "ನೀವು ಕಾರಿನಲ್ಲಿ ಅವರ ಮನೆ ಮುಂದೆ ಇಳಿದರೆ ಇಡೀ ಬೀದಿಗೆ ಸುದ್ದಿ. ಹುಡುಗರಿಗೆ ನಾನು ಹೇಳ್ತೀನಿ, ಅವಳನ್ನೂ ನಾನೇ ಕರ್ಕೊಂಡು ಬರ್ತೀನಿ. ನಿಮಗೆ ಏನಾದರೂ ಮಾಡಬೇಕು ಅನ್ಸಿದ್ರೆ ನಾಟಕ ಸರಿ ಮಾಡಿ." ಸೋಮವಾರ ಅವಳು ಶಾಲೆಗೆ ಬಂದಳು ಅಂತ ಮೆಸೇಜ್ ಬಂತು.

ನಾಟಕ ಸರಿ ಮಾಡಿ ಅನ್ನೋದು ಸುಲಭ. ಆ ವಾರವಿಡೀ ರಾತ್ರಿ ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಜಗಳ. ಗೋಣಿಚೀಲ ತೆಗೆದರೆ ಸಾಕು ಅಂತ ಇಬ್ಬರು. ನಾಟಕವನ್ನೇ ಬಿಟ್ಟುಬಿಡೋಣ ಅಂತ ಒಬ್ಬಳು. ಗುಂಪಿನ ಹಿರಿಯ ಗೆಳೆಯ, ಕಾಲೇಜು ದಿನಗಳಿಂದ ಹವ್ಯಾಸಿ ರಂಗಭೂಮಿಯಲ್ಲಿದ್ದವನು, ಒಂದೇ ಒಂದು ಮೆಸೇಜ್ ಹಾಕಿದ: "ನಾವು ಪಂಜರಶಾಲೆ ಮಾಡಿದ್ದೀವಿ ಕಣ್ರೋ."

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. 'ಪಂಜರಶಾಲೆ' ಬಿ.ವಿ. ಕಾರಂತರು ಮಕ್ಕಳಿಗಾಗಿ ಮಾಡಿಸಿದ ಪ್ರಸಿದ್ಧ ನಾಟಕ. ರವೀಂದ್ರನಾಥ ಠಾಕೂರರ ಗಿಣಿಯ ಕಥೆ ಅದಕ್ಕೆ ಆಧಾರ. ರಾಜನ ಆಜ್ಞೆಯಂತೆ ಗಿಣಿಗೆ ವಿದ್ಯೆ ಕಲಿಸೋಕೆ ಚಿನ್ನದ ಪಂಜರ ಮಾಡ್ತಾರೆ, ಪಂಡಿತರು ಬರ್ತಾರೆ, ಪುಸ್ತಕದ ಹಾಳೆಗಳನ್ನೇ ಅದರ ಬಾಯಿಗೆ ತುರುಕುತ್ತಾರೆ. ಎಲ್ಲರಿಗೂ ಬಹುಮಾನ ಸಿಗುತ್ತೆ, ಗಿಣಿ ಮಾತ್ರ ಸಾಯುತ್ತೆ. "ಹಸಿ ಕಸ! ಒಣ ಕಸ!" ಅಂತ ಕೂಗಿಸಿದ್ದು ಬೇರೇನೂ ಅಲ್ಲ, ಹಾಳೆ ತುರುಕಿದ್ದೇ.

ಆಮೇಲೆ ಸ್ವಲ್ಪ ಓದಿಕೊಂಡೆ. ಶಾಲೆಯ ಪಾಠಕ್ಕೆ ನಾಟಕ ಬಳಸುವುದು ಹೊಸದಲ್ಲ. ಇಂಗ್ಲೆಂಡಿನ ಕವೆಂಟ್ರಿ ಊರಿನ ಬೆಲ್‌ಗ್ರೇಡ್ ಥಿಯೇಟರ್ 1965ರಲ್ಲೇ ಶಾಲೆಗಳಿಗೆ ಹೋಗುವ ತಂಡ ಕಟ್ಟಿತು. ನಟರೂ ಅವರೇ, ಮೇಷ್ಟರೂ ಅವರೇ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ಇಂಥದ್ದೇ ತಂಡ ಶುರು ಮಾಡಿತು. ನಮ್ಮಲ್ಲಿ ಪ್ರೇಮಾ ಕಾರಂತರ ಬೆನಕ ಮಕ್ಕಳ ಕೇಂದ್ರ, ಮೈಸೂರು ರಂಗಾಯಣದ ಬೇಸಿಗೆಯ ಚಿಣ್ಣರ ಮೇಳ ಎಲ್ಲ ನಿಮಗೆ ಗೊತ್ತಿರುತ್ತೆ, ನಿಮ್ಮಲ್ಲೇ ಕೆಲವರು ಅಲ್ಲಿ ಕುಣಿದು ಬಂದವರೂ ಇರಬಹುದು. ನನಗೆ ಹೆಚ್ಚು ಕೆಲಸಕ್ಕೆ ಬಂದಿದ್ದು ಬ್ರೆಜಿಲ್‌ನ ಆಗಸ್ಟೋ ಬೋಲ್ ಎಂಬ ರಂಗಕರ್ಮಿಯ ಉಪಾಯ. ಅವನ ನಾಟಕದಲ್ಲಿ ಒಂದು ಸಮಸ್ಯೆ ಬರುತ್ತೆ, ಪಾತ್ರ ಸೋಲುತ್ತೆ, ಅಲ್ಲಿಗೆ ಆಟ ನಿಲ್ಲುತ್ತೆ. ನೋಡ್ತಾ ಕೂತವರಲ್ಲಿ ಯಾರು ಬೇಕಾದರೂ ಎದ್ದು ಬಂದು ಆ ಪಾತ್ರದ ಜಾಗದಲ್ಲಿ ನಿಂತು, "ನಾನಾಗಿದ್ದರೆ ಹೀಗೆ ಮಾಡ್ತಿದ್ದೆ" ಅಂತ ಆಡಿ ತೋರಿಸಬಹುದು. ನಟರು ಸುಲಭವಾಗಿ ಒಪ್ಪೋದಿಲ್ಲ, ತಕರಾರು ತೆಗೀತಾರೆ. ಉತ್ತರ ಮೊದಲೇ ಬರೆದಿಟ್ಟಿರೋದಿಲ್ಲ.

ಆದರೆ ಹೊಸ ನಾಟಕ ಬರೆಯೋಕೆ ಮೊದಲು ಕಸದ ಬಗ್ಗೆಯೇ ನಮಗೆ ಏನೂ ಗೊತ್ತಿಲ್ಲ ಅನ್ನೋದು ಒಪ್ಪಿಕೊಳ್ಳಬೇಕಾಯ್ತು. ನಮ್ಮ ಪಾಲಿಗೆ ಕಸದ ಕಥೆ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕದ ಬುಟ್ಟಿಗೇ ಮುಗಿದುಹೋಗುತ್ತೆ. ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರ್, ಸ್ಯಾನಿಟರಿ ಪ್ಯಾಡ್‌ನಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಅಂತ ಹೈಕೋರ್ಟ್ 2015ರಲ್ಲಿ ಬೆಂಗಳೂರಿಗೆ ಹೇಳಿದ್ದು ನೆನಪಿದೆಯಲ್ಲ? ಅದಕ್ಕೂ ಮುಂಚೆ ನಗರದ ಕಸವೆಲ್ಲ ಮಾವಳ್ಳಿಪುರ, ಮಂಡೂರಿನ ಗುಡ್ಡಗಳಿಗೆ ಹೋಗ್ತಿತ್ತು. ನಮ್ಮೂರಿಗೆ ನಿಮ್ಮ ಕಸ ಬೇಡ ಅಂತ ಅಲ್ಲಿನ ಜನ ದಾರಿಗೆ ಅಡ್ಡ ನಿಂತ ಮೇಲೇ ನಗರಕ್ಕೆ ಬುಟ್ಟಿ ನೆನಪಾಗಿದ್ದು.

ಒಂದು ಭಾನುವಾರ, ಪರಿಚಯದವರ ಮೂಲಕ ಅನುಮತಿ ಕೇಳಿ, ಬೇರೊಂದು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಹೋದೆ. ಶೀಟಿನ ಚಾವಣಿ, ಮಧ್ಯದಲ್ಲಿ ರಾಶಿ, ಸುತ್ತ ಐದಾರು ಹೆಂಗಸರು. ಅವರ ಕೈ ಹೋಗುವ ವೇಗ ನೋಡಬೇಕು. ಪ್ಲಾಸ್ಟಿಕ್ ಅಂದರೆ ನನಗೆ ಒಂದು, ಅವರಿಗೆ ಹತ್ತಾರು. ನೀರಿನ ಬಾಟಲಿ ಬೇರೆ, ಅದರ ಮುಚ್ಚಳ ಬೇರೆ, ಶಾಂಪೂ ಡಬ್ಬ ಬೇರೆ, ಹಾಲಿನ ಕವರ್ ಬೇರೆ, ಚಿಪ್ಸ್ ಪ್ಯಾಕೆಟ್ ಬೇರೆ. ಹಿರಿಯ ಹೆಂಗಸೊಬ್ಬರು ಅನುಮಾನ ಬಂದ ಕವರನ್ನು ಕಿವಿ ಹತ್ತಿರ ಹಿಡಿದು ಹಿಸುಕಿ ನೋಡ್ತಿದ್ದರು. ಏನಮ್ಮ ಅದು ಅಂದೆ.

"ಸದ್ದು ಕಣವ್ವ. ಹಾಲಿನ ಕವರು ಮೆತ್ತಗೆ ಮಾತಾಡ್ತದೆ. ಇದು ಪರಪರ ಅಂತದೆ."

ನನ್ನ ಕೈಗೂ ಎರಡು ಕೊಟ್ಟರು. ಕಣ್ಣು ಮುಚ್ಚಿ ಹಿಸುಕಿದೆ. ಹೌದು, ಬೇರೆಯೇ!

ಅರ್ಧ ಗಂಟೆಯಲ್ಲಿ ಅವರು ಹೇಳಿದ್ದು ನನ್ನ ಸ್ಕ್ರಿಪ್ಟಿಗಿಂತ ಹೆಚ್ಚಿತ್ತು. ತೊಳೆಯದ ಹಾಲಿನ ಕವರ್ ಎರಡು ದಿನಕ್ಕೆ ಹೇಗೆ ನಾರುತ್ತೆ. ಪೇಪರಿನಲ್ಲಿ ಸುತ್ತಿ ಒಣ ಕಸದಲ್ಲಿ ಬಚ್ಚಿಟ್ಟ ಪ್ಯಾಡ್ ಬಿಚ್ಚಿಕೊಂಡಾಗ ಕೈಗೆ ಏನು ಸಿಗುತ್ತೆ. ಒಡೆದ ಗ್ಲಾಸನ್ನು ಹಾಗೇ ಹಾಕಿದರೆ ಏನಾಗುತ್ತೆ ಅಂತ ಹೆಬ್ಬೆರಳು ತೋರಿಸಿದರು. ಚಿಪ್ಸ್ ಪ್ಯಾಕೆಟ್ಟಿನಲ್ಲಿ ಪ್ಲಾಸ್ಟಿಕ್ಕೂ ಲೋಹದ ಹೊಳಪಿನ ಪದರವೂ ಅಂಟಿಕೊಂಡಿರುವುದರಿಂದ ಬಿಡಿಸೋಕಾಗಲ್ಲ, ಗುಜರಿಯವರು ಕೊಳ್ಳೋದೂ ಇಲ್ಲ. ಇನ್ನೊಂದು ಮಾತು ನನಗೆ ತೀರಾ ಹೊಸದು. "ಕವರ್ ಮೂಲೆ ಕತ್ತರಿಸಿ ಬಿಸಾಕ್ತೀರಲ್ಲ, ಆ ಚೂರು ನಮಗೆ ಸಿಗೋದೇ ಇಲ್ಲ. ಮೋರೀಲಿ ಹೋಗ್ತದೆ, ದನದ ಹೊಟ್ಟೇಲಿ ಹೋಗ್ತದೆ. ಪೂರಾ ಕತ್ತರಿಸಬೇಡ, ಅಂಟ್ಕೊಂಡೇ ಇರ್ಲಿ."

ಇಪ್ಪತ್ತೆಂಟು ವರ್ಷದಿಂದ ಹಾಲು ಕುಡೀತಿದ್ದೀನಿ, ಆ ಚೂರು ಎಲ್ಲಿ ಹೋಗುತ್ತೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಹೊಸ ನಾಟಕ ಅಲ್ಲೇ ಹುಟ್ಟಿತು. ಹಾಲಿನ ಕವರ್ ಅಣ್ಣ, ಅದರ ಮೂಲೆ ತಮ್ಮ. ಬೆಳಿಗ್ಗೆ ಆರು ಗಂಟೆಗೆ ಕತ್ತರಿ ಬರುತ್ತೆ, ಅಣ್ಣ-ತಮ್ಮ ಬೇರೆಯಾಗ್ತಾರೆ. ಹಳೇ ಸಿನಿಮಾದಲ್ಲಿ ಜಾತ್ರೆಯಲ್ಲಿ ಕೈ ತಪ್ಪಿದ ಅಣ್ಣತಮ್ಮಂದಿರ ಹಾಗೆ. ಅಣ್ಣ ತಮ್ಮನನ್ನು ಹುಡುಕ್ತಾ ಅಡುಗೆಮನೆ, ಬುಟ್ಟಿ, ಗಾಡಿ, ಕೇಂದ್ರ ಎಲ್ಲ ಸುತ್ತುತ್ತಾನೆ. ಅವನು ಏನಾಗಿ ಹೊರಬರ್ತಾನೆ ಅನ್ನೋದರಲ್ಲಿ ಸುಳ್ಳು ಹೇಳಬಾರದು ಅಂತ ತೀರ್ಮಾನ ಮಾಡಿದ್ವಿ. ಹಾಲಿನ ಕವರ್ ಮತ್ತೆ ಹಾಲಿನ ಕವರ್ ಆಗಲ್ಲ. ಕರಗಿ ಕಾಳಾಗಿ, ಕಸದ ಚೀಲವೋ ಪೈಪೋ ಆಗುತ್ತೆ. ದಾರಿಯಲ್ಲಿ ಅವನಿಗೆ ಸಿಗುವ ಹಳೇ ಅಲ್ಯುಮಿನಿಯಂ ಪಾತ್ರೆ ಅಜ್ಜಿ ಜಂಬ ಕೊಚ್ಚಿಕೊಳ್ತಾಳೆ: ನನ್ನನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು, ಅದಿರಿನಿಂದ ಹೊಸದು ಮಾಡೋಕೆ ಬೇಕಾಗುವ ಶಕ್ತಿಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ನನಗೆ ಸಾಕು. ನೋಟ್‌ಬುಕ್ ಮಾವ ಕೆಮ್ಮುತ್ತಾನೆ, ಪ್ರತಿ ಸಲ ಹೊಸ ಕಾಗದವಾಗುವಾಗಲೂ ಅವನ ನಾರು ತುಂಡಾಗ್ತಾ ಬರುತ್ತೆ, ಕೆಲವು ಸಲದ ಮೇಲೆ ಅವನಿಗೆ ಶಕ್ತಿ ಇಲ್ಲ. ಚಿಪ್ಸ್ ಪ್ಯಾಕೆಟ್ ಮಾತ್ರ ಮಿರಮಿರ ಮಿಂಚ್ತಾ ಒಬ್ಬನೇ ಮೂಲೆಯಲ್ಲಿ ಕೂತಿರ್ತಾನೆ. ಯಾರೂ ಕರೆಯಲ್ಲ.

ನಾಯಕಿ ವಿಂಗಡಿಸುವ ಅಕ್ಕ. ಅವಳಿಗೆ ಗ್ಲೌಸ್, ಏಪ್ರನ್, ಜತೆಗೆ ಎಂಥ ಕವರನ್ನೂ ಕಿವಿಯಲ್ಲೇ ಗುರುತಿಸುವ ವಿದ್ಯೆ. ರಾಕ್ಷಸನನ್ನು ತೆಗೆದೆವು. ಆ ಪಾತ್ರ ಮಾಡ್ತಿದ್ದವನಿಗೆ ಚಿಪ್ಸ್ ಪ್ಯಾಕೆಟ್ ಪಾತ್ರ ಕೊಟ್ಟಿದ್ದಕ್ಕೆ ಎರಡು ದಿನ ಮಾತಾಡಲಿಲ್ಲ.

ಸುಮಾರು ಎರಡು ತಿಂಗಳಾದ ಮೇಲೆ ಅದೇ ಶಾಲೆಗೆ ಮತ್ತೆ ಹೋದೆವು. ಈ ಸಲ ಒಟ್ಟಿಗೆ 80 ಬೇಡ ಅಂತ 40-40 ಮಾಡಿ ಎರಡು ಆಟ. ಸಾಲು ಇಲ್ಲ, ಮಕ್ಕಳು ಸುತ್ತ ಗುಂಡಗೆ ಕೂತರು, ನಾವು ಮಧ್ಯೆ. ಮೈಕ್ ಇಲ್ಲ. ಬಿಸ್ಕೆಟ್ಟಂತೂ ಇಲ್ಲವೇ ಇಲ್ಲ. ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಗ್ತಿತ್ತು. ನಾಲ್ಕನೇ ಕ್ಲಾಸಿನವರಲ್ಲಿ ಅವಳು ಯಾರು ಅಂತ ನನಗೆ ಗೊತ್ತಿರಲಿಲ್ಲ, ಟೀಚರ್ ತೋರಿಸಲೂ ಇಲ್ಲ. ಒಳ್ಳೇದೇ ಆಯ್ತು.

ಆಟ ನಿಲ್ಲಿಸುವ ಜಾಗ ಬಂತು. ದೃಶ್ಯ ಇಷ್ಟೇ: ಕಸದ ಗಾಡಿಯ ಹಾಡು ಕೇಳ್ತಿದೆ, ಅಮ್ಮನಿಗೆ ಕೆಲಸಕ್ಕೆ ಹೊತ್ತಾಗಿದೆ, ಕೈಯಲ್ಲಿ ತೊಳೆಯದ ಹಾಲಿನ ಕವರ್. ಅಮ್ಮ ಅದನ್ನು ಹಾಗೇ ಹಸಿ ಕಸದ ಜತೆ ತುರುಕುತ್ತಾಳೆ. ತಮಟೆ ಢಂ! "ಯಾರು ಬರ್ತೀರಿ ಅಮ್ಮನ ಜಾಗಕ್ಕೆ?"

ಮೊದಲು ಬಂದ ಹುಡುಗಿ ನಾವು ಅಂದುಕೊಂಡ ಹಾಗೇ ಮಾಡಿದಳು. ನಲ್ಲಿ ತಿರುಗಿಸಿದಳು, ತೊಳೆದಳು, ಒಣಗಿಸಿದಳು. ಚಪ್ಪಾಳೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ ಕೂಗಿದ, "ಮಿಸ್, ನಲ್ಲೀಲಿ ನೀರೇ ಬರಲ್ಲ!" ಅವನ ಬೀದಿಗೆ ಮೂರು ದಿನಕ್ಕೊಂದು ಸಲ ನೀರು. ಬಿಂದಿಗೆ ಲೆಕ್ಕದಲ್ಲಿ ನೀರು ಹಿಡಿಯುವ ಮನೆಯಲ್ಲಿ ಹಾಲಿನ ಕವರ್ ತೊಳೆದರೆ ಅವನಮ್ಮ ಅವನನ್ನೇ ತೊಳೀತಾರಂತೆ. ಎಲ್ಲರೂ ನಕ್ಕರು. ನಮ್ಮ ಸ್ಕ್ರಿಪ್ಟಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರುವ ಮನೆಯಲ್ಲಿ ಕೂತು ಬರೆದ ಸ್ಕ್ರಿಪ್ಟು ಅದು.

ಎರಡು ನಿಮಿಷ ಗಲಾಟೆ. ಒಬ್ಬ, ಟಾಯ್ಲೆಟ್ ನೀರಲ್ಲಿ ತೊಳಿ ಅಂದ. ಛೀ ಅಂತ ಎಲ್ಲರೂ. ಮೂರನೇ ಕ್ಲಾಸಿನ ಒಂದು ಪುಟ್ಟ ಹುಡುಗಿ ಎದ್ದು ಬಂದು, ಯಾರನ್ನೂ ಕೇಳದೆ ಇಲ್ಲದ ಪಾತ್ರೆ ಒಂದನ್ನು ನೆಲದಿಂದ ಎತ್ತಿ, ಇಲ್ಲದ ಕವರನ್ನು ಅದರಲ್ಲಿ ಅದ್ದಿದಳು. ಏನದು ಅಂದೆ. "ಅಕ್ಕಿ ತೊಳೆದ ನೀರು. ಬೆಳಿಗ್ಗೆ ಇರತ್ತಲ್ಲ." ಅದನ್ನು ದಾರಕ್ಕೆ ಕ್ಲಿಪ್ ಹಾಕಿ ನೇತುಹಾಕುವ ಅಭಿನಯವನ್ನೂ ಮಾಡಿದಳು. ಗಾಡಿ ಹೋದರೆ ಹೋಗಲಿ, ನಾಳೆ ಬರುತ್ತೆ.

ಇನ್ನೊಬ್ಬ ಹುಡುಗನ ಮನೆ ಹತ್ತಿರ ಗಾಡಿಯೇ ಬರಲ್ಲ. ಸಂಜೆ ಎಲ್ಲ ಗುಡ್ಡೆ ಹಾಕಿ ಬೆಂಕಿ ಹಚ್ತಾರೆ. ಅದಕ್ಕೆ ಏನು ಮಾಡಬೇಕು ಅಂತ 40 ಮಕ್ಕಳಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಹಾಗೇ ಹೇಳಿದ್ವಿ. ಹೆಡ್‌ಮಾಸ್ಟರ್ ಮುಖ ಸ್ವಲ್ಪ ಸಣ್ಣದಾಯ್ತು. ಆದರೆ ಆಮೇಲೆ, ಶಾಲೆಗೆ ತಂದುಕೊಟ್ಟರೆ ಒಣ ಕಸವನ್ನಾದರೂ ಇಲ್ಲಿಂದ ಕಳಿಸಬಹುದಲ್ಲ ಅಂತ ಅವರೇ ಅಂದರು. ಈಗ ಅಲ್ಲಿ ಒಂದು ಚೀಲ ನೇತಾಡ್ತಿದೆ. ಮಕ್ಕಳು ಹಾಲಿನ ಕವರ್ ತರ್ತಾರೆ. ಒಂದು ಕಿಲೋ ಆಗೋಕೆ ನೂರಾರು ಕವರ್ ಬೇಕು, ಗುಜರಿಯಿಂದ ಬರುವ ದುಡ್ಡಿನಲ್ಲಿ ಯಾರೂ ಶ್ರೀಮಂತರಾಗಲ್ಲ. ಮೊದಲ ಚೀಲಕ್ಕೆ ಒಂದು ಸ್ಕಿಪ್ಪಿಂಗ್ ಹಗ್ಗ ಬಂತಂತೆ, ಅದಕ್ಕೆ ದಿನಾ ಜಗಳವಂತೆ.

ನಾಟಕ ಮುಗಿದ ಮೇಲೆ ಕಣ್ಣು ಕಟ್ಟಿ ಸದ್ದು ಗುರುತಿಸುವ ಆಟ ಇಟ್ಟಿದ್ದೆವು. ನಾವು ಐದೂ ಜನ ಸೋತೆವು. ಮಕ್ಕಳು ಎಷ್ಟು ಜೋರಾಗಿ ಕಿರುಚಿದರು ಅಂದರೆ ಪಕ್ಕದ ಅಂಗಡಿಯವರು ಕಾಂಪೌಂಡ್ ಹತ್ತಿರ ಬಂದು ಇಣುಕಿದರು. ಬಾಟಲಿ ತಳದ ತ್ರಿಕೋನದೊಳಗಿನ ನಂಬರ್ ಹುಡುಕುವ ಆಟವನ್ನೂ ಸೇರಿಸಿದ್ದೆವು. ಅದು ಪ್ಲಾಸ್ಟಿಕ್ ಯಾವ ಜಾತಿಯದು ಅಂತ ಹೇಳುತ್ತೆ ಅಷ್ಟೆ, ಖಂಡಿತ ಮರುಬಳಕೆ ಆಗುತ್ತೆ ಅಂತ ಅಲ್ಲ. ಇದು ನಮ್ಮ ಆಫೀಸಿನಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ಸೋಮವಾರ ಕೇಳಿದೆ. ಬಿಡಿ.

ಸಾಮಾನು ಕಟ್ಟುತ್ತಿದ್ದಾಗ ಎರಡು ಜಡೆಯ ಹುಡುಗಿಯೊಬ್ಬಳು ಬಂದು ಪಕ್ಕ ನಿಂತಳು. ಆಟ ನಡೆಯುವಾಗ ಒಂದು ಸಲವೂ ಕೈ ಎತ್ತಿರಲಿಲ್ಲ. ನಮ್ಮ ಪೇಪರ್ ರಾಶಿಯಲ್ಲಿದ್ದ ಜ್ಯೂಸ್ ಡಬ್ಬಿಯನ್ನು ತೋರಿಸಿ, "ಅಕ್ಕ, ಇದು ಪೇಪರ್ ಅಲ್ಲ" ಅಂದಳು.

"ಪೇಪರ್ ತರಾನೇ ಇದೆಯಲ್ಲ?"

"ಒಳಗೆ ಬೆಳ್ಳಿ ಇರತ್ತೆ. ಹರಿದು ನೋಡಿ. ಅದನ್ನ ಬೇರೆ ಇಡ್ತಾರೆ. ನಮ್ಮಮ್ಮ ಬೇರೆ ಇಡ್ತಾರೆ."

ಹರಿದು ನೋಡಿದೆ. ಹೊರಗೆ ರಟ್ಟು, ಒಳಗೆ ಬೆಳ್ಳಿಯ ಹಾಗೆ ಮಿಂಚುವ ಅಲ್ಯುಮಿನಿಯಂ ಪದರ. ಟೀಚರ್ ಕಡೆ ನೋಡಿದೆ. ಅವರು ಬೇರೆ ಕಡೆ ನೋಡಿದರು. ಗೊತ್ತಾಯ್ತು.

ಏನು ಹೇಳಬೇಕು ಅಂತ ವಾರಗಟ್ಟಲೆ ಮನಸ್ಸಿನಲ್ಲೇ ರಿಹರ್ಸಲ್ ಮಾಡಿದ್ದೆ. ಬಾಯಿಗೆ ಬಂದಿದ್ದು, "ಹೋದ ಸಲ ನಮ್ಮ ನಾಟಕದಲ್ಲಿ ತಪ್ಪಾಯ್ತು ಪುಟ್ಟಿ. ಆ ಚೀಲ ನಾನೇ ಹಾಕಿದ್ದು" ಇಷ್ಟೇ. ಅವಳು ನೆಲ ನೋಡ್ತಾ ನಿಂತಳು. ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದಳು. ಆಮೇಲೆ ಕೇಳಿದಳು:

"ರಾಕ್ಷಸ ಎಲ್ಲಿ ಹೋದ?"

"ತೆಗೆದುಬಿಟ್ವಿ."

"ಯಾಕೆ? ಚೆನ್ನಾಗಿ ಕುಣೀತಿದ್ದ."

ನಾನು ಬಾಯಿ ತೆರೆಯುವ ಮೊದಲೇ ಓಡಿಹೋದಳು, ಸ್ಕಿಪ್ಪಿಂಗ್ ಆಗಲೇ ಶುರುವಾಗಿದ್ದ ಕಡೆಗೆ. ಆಗಿನ್ನೂ ಅದು ಹಳೇ ಸೆಣಬಿನ ಹಗ್ಗ.

ವಾಪಸ್ ಬರುವಾಗ ಕಾರಿನಲ್ಲಿ ಇದನ್ನು ಹೇಳಿದೆ. ಚಿಪ್ಸ್ ಪ್ಯಾಕೆಟ್ ಹಿಂದಿನ ಸೀಟಿನಿಂದ "ನಾನು ಆವತ್ತೇ ಹೇಳಲಿಲ್ವಾ!" ಅಂತ ಎದ್ದು ಕೂತ. ರಾಕ್ಷಸನನ್ನು ಮತ್ತೆ ತರಬೇಕಂತೆ. ಆದರೆ ಈ ಸಲ ಅವನು ಏನು ಹಾಕ್ಕೊಂಡಿರಬೇಕು? ಕೊರಳಿಗೆ ಐಡಿ ಕಾರ್ಡ್ ಹಾಕೋಣ ಅಂತ ಬ್ಯಾಂಕಿನವಳು ಅಂದಳು. ಬೆನ್ನಿಗೆ ಆಫೀಸ್ ಬ್ಯಾಗು, ಒಂದು ಕೈಯಲ್ಲಿ ಆನ್‌ಲೈನ್ ಪಾರ್ಸೆಲ್ ಡಬ್ಬ, ಇನ್ನೊಂದರಲ್ಲಿ ಕಾಫಿ ಕಪ್ಪು ಅಂತ ತಮಟೆ ಹುಡುಗ. ಸಿಲ್ಕ್ ಬೋರ್ಡ್ ಜಂಕ್ಷನ್‌ವರೆಗೂ ಇದೇ ಜಗಳ. ಸಿಗ್ನಲ್‌ನಲ್ಲಿ ನಿಂತಾಗ ಹಿರಿಯ ಗೆಳೆಯ ಕನ್ನಡಿಯಲ್ಲಿ ನನ್ನನ್ನು ನೋಡಿ, "ಕಾಸ್ಟ್ಯೂಮಿಗೆ ಹುಡುಕಾಡೋದೇ ಬೇಡ, ನಿನ್ನ ಬೀರು ತೆಗೆದರೆ ಸಾಕು" ಅಂದ.

ಮುಂದಿನ ಶನಿವಾರ ರಿಹರ್ಸಲ್ ಇದೆ. ಬ್ಯಾಗ್ ತಗೊಂಡು ಹೋಗ್ತಿದ್ದೀನಿ.